ಅರ್ಧ ಅವಧಿ

ತಿರುವನಂತಪುರದ ಪಟ್ಟಂನ ಆ ಮಹಡಿ ಮನೆಗೆ ಬಾಡಿಗೆಗೆ ಬಂದ ಮೂರನೆಯ ದಿನವೇ, ಕೆಳಮನೆಯ ಹುಡುಗ ಕೆಟ್ಟುಹೋದವನು ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಹುಡುಗನನ್ನು ನೋಡಿರಲಿಲ್ಲ. ಬೀದಿ ಕೊನೆಯ ಅಂಗಡಿಯಾತ ಹೇಳಿದ್ದೊಂದೇ ಆಧಾರ. ಕೆಳಮನೆಯಲ್ಲಿ ಯಾರಿದ್ದಾರೆ ಎಂದು ನಾನು ಕೇಳಿದಾಗ ಆತ, ಕಾಸರಗೋಡಿನ ಕನ್ನಡದವರು, ಗಂಡ ಇಲ್ಲ, ಸರ್ಕಾರಿ ಕೆಲಸ ಎಂದೆಲ್ಲ ಹರಕು ಇಂಗ್ಲಿಷಿನಲ್ಲಿ ವಿವರಿಸಿ, "ಪಾವಂ, ಮೋನ್ ಪಟ್ಟಾಳತ್ತಿಲಾ" ಎಂದು ನಿಟ್ಟುಸಿರುಬಿಟ್ಟ. ಪಾವಂ ಎಂದರೆ ಪಾಪ, ಮೋನ್ ಎಂದರೆ ಮಗ ಎಂಬಷ್ಟು ಮಲಯಾಳ ನನಗಾಗಲೇ ಬಂದಿತ್ತು. ಉಳಿದ ಪದಕ್ಕೆ ನನ್ನ ಮೈಸೂರು ಕನ್ನಡವೇ ಸಾಕಾಯಿತು. ಪಾಪ, ಆಕೆಯ ಮಗ ಪಟಾಲಂ ಸೇರಿಬಿಟ್ಟಿದ್ದಾನೆ!

ಅದು ಎರಡು ಸಾವಿರದ ಒಂದನೇ ಇಸವಿ. ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ವರ್ಗವಾಗಿ ನಾನೊಬ್ಬಳೇ ತಿರುವನಂತಪುರಕ್ಕೆ ಬಂದಿದ್ದೆ. ಯಜಮಾನರು ಮೈಸೂರಿನಲ್ಲಿ ಕಾಲೇಜು ಮೇಷ್ಟ್ರು. ಕೆಳಮನೆಯಾಕೆ ನನಗಿಂತ ಏಳೆಂಟು ವರ್ಷ ದೊಡ್ಡವರು, ಸೆಕ್ರೆಟೇರಿಯಟ್ಟಿನಲ್ಲಿ ಕಾನೂನು ಕಡತ ನೋಡುವವರು. ಅಕ್ಕ ಎಂದೇ ಕರೆಯತೊಡಗಿದೆ. ಒಂದು ಸಂಜೆ ಪತ್ರೊಡೆ ತಂದುಕೊಟ್ಟು, ಮಗನಿಗೆ ಇದೆಂದರೆ ಜೀವ ಎಂದು ಕಣ್ಣೊರೆಸಿಕೊಂಡರು. ಸಮಾಧಾನ ಹೇಳುವುದು ನನ್ನ ಧರ್ಮವೆನಿಸಿತು.

"ವಯಸ್ಸಿನ ಹುಡುಗ, ಬಿಡಿ ಅಕ್ಕಾ. ಒಂದೆರಡು ವರ್ಷ ಹೀಗೇ ಅಲೀತಾನೆ, ಆಮೇಲೆ ತಾನೇ ಬುದ್ಧಿ ಬಂದು ಮನೆ ಸೇರ್ತಾನೆ."

"ಎಲ್ಲಿಯ ಒಂದೆರಡು ವರ್ಷ ಮಾರಾಯ್ರೆ! ಹದಿನೈದು ವರ್ಷ ಅವರು ಬಿಡುದಿಲ್ಲ. ಸಹಿ ಹಾಕಿಸಿಕೊಂಡೇ ಒಳಗೆ ತೆಗೊಂಡದ್ದು."

ಆ ದಿನವೇ ಮೈಸೂರಿಗೆ ಫೋನ್ ಮಾಡಿ, ಕೆಳಗಿನವರ ಮಗ ಜೈಲಿನಲ್ಲಿದ್ದಾನೆ, ಹದಿನೈದು ವರ್ಷವಂತೆ ಎಂದೆ. ಏನು ಮಾಡಿದ್ದನಂತೆ ಎಂದರು ಯಜಮಾನರು. ಅದನ್ನೆಲ್ಲ ಕೇಳೋಕಾಗುತ್ತಾ ಎಂದು ನಾನೇ ಗದರಿದೆ.

ನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ ಆಟೋದಿಂದ ಕಪ್ಪು ಟ್ರಂಕು ಇಳಿಯಿತು. ಅದರ ಹಿಂದೆ ಹಸಿರು ಸಮವಸ್ತ್ರದ, ಬಿಸಿಲಿಗೆ ಸುಟ್ಟ ಮುಖದ, ಇಪ್ಪತ್ತೊಂದರ ಹುಡುಗ. ಅಕ್ಕ ಅಂಗಳದಿಂದಲೇ ಕೂಗಿದರು, "ಬನ್ನಿ ಮಾರಾಯ್ರೆ, ನನ್ನ ಪಟ್ಟಾಳದವ ಬಂದ!" ಮಲಯಾಳದಲ್ಲಿ ಪಟ್ಟಾಳ ಎಂದರೆ ಸೈನ್ಯ ಎಂದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಈ ಕಥೆಯನ್ನು ನಾನಾಗಿ ಯಾರಿಗೂ ಹೇಳಬಾರದಿತ್ತು. ಹೇಳಿದೆ. ಆಮೇಲೆ ಪ್ರತಿ ಸಲ ಬಂದಾಗಲೂ ಅವನು ಮೆಟ್ಟಿಲ ಬುಡದಲ್ಲಿ ನಿಂತು, "ಬಂತ್ರೀ ನಿಮ್ಮ ಪಟಾಲಂ!" ಎಂದು ಕೂಗಿಯೇ ಒಳಗೆ ಹೋಗುತ್ತಿದ್ದ.

ಕೂಗುತ್ತಿದ್ದದ್ದು ಬೆಳಗಾವಿ ಕನ್ನಡದಲ್ಲಿ. ಅದೂ ಒಂದು ತಮಾಷೆ. ತಿರುವನಂತಪುರದಲ್ಲಿ ಬೆಳೆದ ಹುಡುಗ, ಅಮ್ಮ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದನಂತೆ. ಹದಿನೆಂಟು ವರ್ಷ ಅಮ್ಮನಿಂದ ಆಗದ್ದನ್ನು ಸೈನ್ಯ ಎರಡು ವರ್ಷದಲ್ಲಿ ಮಾಡಿ ಮುಗಿಸಿತ್ತು. ಅವನ ತುಕಡಿಯಲ್ಲಿ ಅರ್ಧಕ್ಕರ್ಧ ಬೆಳಗಾವಿ ಕಡೆಯ ಹುಡುಗರು. ಮೊದಲ ದಿನ ಊಟಕ್ಕೆ ಕೂತು "ಅವ್ವಾ, ಇನ್ನಷ್ಟು ಅನ್ನಾ ನೀಡು" ಎಂದನಂತೆ. ಅಕ್ಕ ಸೌಟು ಹಿಡಿದೇ ಮಹಡಿ ಹತ್ತಿ ಬಂದರು. "ಇವನಿಗೆ ಕನ್ನಡ ಬಂತು, ಖುಷಿಯೇ. ಆದ್ರೆ ಇದು ಯಾರ ಮನೆ ಕನ್ನಡ ಮಾರಾಯ್ರೆ? ಅವ್ವ ಅಂತೆ!" ನನ್ನನ್ನು ಅವನು ಅಕ್ಕಾರ ಎಂದು ಕರೆದ. ಆ ಹೆಸರೇ ಉಳಿಯಿತು.

ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬ್ಯಾಡ್ರೀ ಎಂದು ಅವನೇ ಹೇಳಿದ್ದಾನೆ. ಬೆಳಗಿನ ಜಾವ ಎದ್ದು ಹಾಸಿಗೆಯನ್ನು ಇಟ್ಟಿಗೆಯ ಹಾಗೆ ಚಚ್ಚೌಕ ಮಡಿಸಿಡುವುದು, ಮನೆಯಲ್ಲಿದ್ದ ಎಲ್ಲರ ಚಪ್ಪಲಿಗೂ ಪಾಲಿಷ್ ಹಾಕುವುದು ಅವನ ರೂಢಿ. ನನ್ನ ಹವಾಯಿ ಚಪ್ಪಲಿಯನ್ನೂ ಬಿಡಲಿಲ್ಲ ಪುಣ್ಯಾತ್ಮ. ಊಟ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ನಿಧಾನ ತಿನ್ನೋ ಎಂದರೆ ತಲೆಯಾಡಿಸಿ ಇನ್ನೂ ಬೇಗ ತಿನ್ನುತ್ತಿದ್ದ. ಗಡಿಯ ವಿಷಯ ಕೇಳಿದರೆ ಚಳಿಯ ಬಗ್ಗೆ ಮಾತ್ರ ಹೇಳುತ್ತಿದ್ದ. ಅಲ್ಲಿ ಟೂತ್‌ಪೇಸ್ಟ್ ಕಲ್ಲಾಗುತ್ತದಂತೆ, ಮೊಟ್ಟೆ ನೆಲಕ್ಕೆ ಬಿದ್ದರೂ ಒಡೆಯುವುದಿಲ್ಲವಂತೆ. ಬಂದೂಕಿನ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟವನಲ್ಲ.

ರಜೆಗೆ ತಾಯಿ ಮಗ ಇಬ್ಬರೂ ಅವಧಿ ಎನ್ನುತ್ತಿದ್ದರು. ಮಲಯಾಳದಲ್ಲಿ ರಜೆಗೆ ಅದೇ ಮಾತು. ಮೊದಲ ಸಲ ಹೊರಡುವ ದಿನ ಅವನು ಟ್ರಂಕಿಗೆ ಬೀಗ ಹಾಕುತ್ತ "ಅವಧಿ ಮುಗೀತ್ರೀ ಅಕ್ಕಾರ" ಎಂದಾಗ ನನ್ನ ಎದೆ ಧಸಕ್ಕೆಂದಿತ್ತು. ನಮ್ಮ ಕಡೆ ಅದು ಆಯುಸ್ಸಿನ ಮಾತು, ಹಾಗನ್ನಬಾರದು, ರಜೆ ಮುಗೀತು ಅನ್ನು ಎಂದೆ. "ರಜಾ ಸಾಲಿ ಹುಡುಗ್ರಿಗ್ರೀ" ಎಂದು ನಕ್ಕ. ಅಕ್ಕನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವಧಿಯ ದಿನಗಳಿಗೆಲ್ಲ ಕೆಂಪು ಶಾಯಿಯ ಸುತ್ತು ಇರುತ್ತಿತ್ತು. ವರ್ಷದಲ್ಲಿ ಉಳಿದ ದಿನಗಳು ಅವರ ಪಾಲಿಗೆ ಸುಮ್ಮನೆ ಕಾಗದ.

ಮರುವರ್ಷ ಓಣಂಗೆ ಬರುತ್ತೇನೆ ಎಂದವನು ಬರಲಿಲ್ಲ. ಅಕ್ಕ ಬಾಳೆಕಾಯಿ ಉಪ್ಪೇರಿ ಕರಿದು ಡಬ್ಬಿ ತುಂಬಿಸಿದ್ದರು. ಎರಡು ತಿಂಗಳು ತಡವಾಗಿ ಬಂದಾಗ ಏನಾಯಿತೋ ಎಂದು ಕೇಳಿದರೆ "ಪಾಳಿ ಬದಲಿ ಆತ್ರೀ" ಎಂದನೇ ಹೊರತು ಬೇರೆ ಮಾತಿಲ್ಲ. ಅಕ್ಕ ಮೂರು ದಿನ ಮುಖ ಊದಿಸಿಕೊಂಡಿದ್ದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಅದರ ಮರುವರ್ಷ ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. ಕಾಲು ಉಳುಕಿತು, ಊದಿತು, ಅಷ್ಟೆ. ಆದರೆ ಮಲಗಿದಲ್ಲೇ ಮಗ ಮಗ ಎಂದು ಹಂಬಲಿಸತೊಡಗಿದರು. ಒಂದು ಕಾಗದ ಬರೆಯಿರಿ ಎಂದು ನನ್ನನ್ನು ಕೇಳಿದರು. ಕಾಗದ ಮೂರು ವಾರ ತಿನ್ನುತ್ತದೆ, ಟೆಲಿಗ್ರಾಂ ಕೊಡೋಣ ಎಂದವಳು ನಾನು. ಕಾಲು ಉಳುಕಿದೆ ಎಂದು ಬರೆದರೆ ಯಾವ ಸಾಹೇಬ ಬಿಟ್ಟಾನು? "ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ" ಎಂದು ಬರೆದುಕೊಟ್ಟೆ. ಸರ್ಕಾರಿ ಕೆಲಸದಲ್ಲಿದ್ದುಕೊಂಡು ನಾಲ್ಕೇ ಪದದಲ್ಲಿ ವಿಷಯ ಮುಗಿಸಿದೆನಲ್ಲ ಎಂದು ಒಳಗೊಳಗೇ ಹೆಮ್ಮೆ ಬೇರೆ.

ಅವನು ಬರುವ ದಿನ ಅಕ್ಕ ಕಾಲಿಗೆ ಇನ್ನೂ ಎರಡು ಸುತ್ತು ಬಟ್ಟೆ ಕಟ್ಟಿಕೊಂಡರು. ಅವನು ಟ್ರಂಕು ಇಳಿಸಿದವನೇ ನೆಲಕ್ಕೆ ಕೂತು ಆ ಬಟ್ಟೆ ಬಿಚ್ಚಿದ, ಕಾಲನ್ನು ಅಲ್ಲಿ ಇಲ್ಲಿ ಒತ್ತಿ ನೋಡಿದ, ನಮ್ಮಿಬ್ಬರ ಮುಖವನ್ನೂ ನೋಡಿದ. "ಭಾಳ ಸೀರಿಯಸ್ ಐತ್ರೀ" ಎಂದ ಗಂಭೀರವಾಗಿ. ಮೂವರೂ ನಕ್ಕೆವು. ಆ ನಗು ನೆನಪಾದರೆ ಈಗಲೂ ನನಗೆ ಸಂಕಟವಾಗುತ್ತದೆ.

ಮೂರು ವಾರ ಕಳೆದಿರಬೇಕು, ಮಧ್ಯಾಹ್ನ ನನ್ನ ಮನೆಯ ಫೋನಿಗೆ ಅವನ ತುಕಡಿಯಿಂದ ಕರೆ ಬಂತು. ಕೆಳಮನೆಯಲ್ಲಿ ಆಗ ಫೋನಿರಲಿಲ್ಲ. ಅವನು ಮಹಡಿಗೆ ಓಡಿಬಂದು ನಿಂತುಕೊಂಡೇ ಕೇಳಿದ. ಮೂರು ಸಲ "ಜೀ ಸಾಬ್" ಎಂದ. ಫೋನನ್ನು ಗಾಜಿನದೇನೋ ಎಂಬಂತೆ ಮೆಲ್ಲಗೆ ಇಟ್ಟು, ಅದನ್ನೇ ನೋಡುತ್ತ ನಿಂತ. "ಹೋಗಬೇಕ್ರೀ" ಎಂದಷ್ಟೇ ಹೇಳಿದ. ಇನ್ನೂ ಕೆಂಪು ಸುತ್ತಿನ ಹನ್ನೆರಡು ದಿನ ಬಾಕಿ ಇದ್ದವು. ಅಕ್ಕ ಸೈನ್ಯಕ್ಕೂ ಸರ್ಕಾರಕ್ಕೂ ಸೇರಿಸಿ ಶಾಪ ಹಾಕಿದರು.

ಆಮೇಲಿನ ವರ್ಷದಿಂದ ಅವನು ಅವಧಿಯಲ್ಲಿ ಅರ್ಧ ಮಾತ್ರ ಮನೆಯಲ್ಲಿರತೊಡಗಿದ. ಉಳಿದರ್ಧಕ್ಕೆ ಕೊಚ್ಚಿಗೆ ಹೊರಟುಬಿಡುತ್ತಿದ್ದ. ಕೊಚ್ಚಿಯಲ್ಲಿ ಎಂತದು ಎಂದು ಅಕ್ಕ ಕೇಳಿದರೆ, ಕೆಲಸ ಐತಿ ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಇಪ್ಪತ್ನಾಲ್ಕರ ಹುಡುಗನಿಗೆ ಕೊಚ್ಚಿಯಲ್ಲಿ ಯಾವ ಕೆಲಸ? ಹುಡುಗಿಯೇ ಸರಿ ಎಂದು ನಾವಿಬ್ಬರೂ ಒಪ್ಪಿದೆವು. ನನಗೆ ನಗು, ಅಕ್ಕನಿಗೆ ಬೆಂಕಿ. "ವರ್ಷ ಇಡೀ ಸರ್ಕಾರಕ್ಕೆ ಕೊಟ್ಟಾಯ್ತು. ಉಳಿದ ನಾಲ್ಕು ದಿನದಲ್ಲಿ ಅರ್ಧ ಯಾವಳಿಗೋ. ನನಗೆ ಉಳಿದದ್ದು ಎಂತ, ಹೇಳಿ?"

ಅಷ್ಟರಲ್ಲಿ ನನಗೇ ಕೊಚ್ಚಿಗೆ ವರ್ಗವಾಯಿತು. ಪಾಲಾರಿವಟ್ಟಂ ಜಂಕ್ಷನ್ನಿನ ಹಿಂದೆ ಮನೆ. ಅಕ್ಕ ಬೀಳ್ಕೊಡುವಾಗ ಕೈ ಹಿಡಿದು, ಆ ಹುಡುಗಿ ಯಾರೆಂದು ಪತ್ತೆ ಮಾಡಿ ಹೇಳಬೇಕು ಎಂದು ಮಾತು ತೆಗೆದುಕೊಂಡರು. ಪತ್ತೆದಾರಿಕೆಯೇನೂ ಬೇಕಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಜಂಕ್ಷನ್ನಿನಲ್ಲಿ ತರಕಾರಿ ತರಲು ಹೋದರೆ, ಒಂದು ಕೈಯಲ್ಲಿ ಮರಗೆಣಸಿನ ಚೀಲ, ಇನ್ನೊಂದರಲ್ಲಿ ಮೀನಿನ ಪೊಟ್ಟಣ ಹಿಡಿದು ಅವನೇ ರಸ್ತೆ ದಾಟುತ್ತಿದ್ದಾನೆ! ಸಿಕ್ಕಿಬಿದ್ದ ಎಂಬ ಖುಷಿಯಲ್ಲಿ "ಏಯ್ ಪಟಾಲಂ!" ಎಂದು ಕೂಗಿದೆ. ತಿರುಗಿ ನೋಡಿದವನ ಮುಖದ ಬಣ್ಣ ಇಳಿಯಿತು. ಆಮೇಲೆ ಓಣಿಯ ಕಡೆ ತಲೆಯಾಡಿಸಿ, "ಬರ್ರೀ" ಎಂದ.

ಓಣಿಯೊಳಗೆ ಒಂದು ಹಂಚಿನ ಮನೆ. ಹುಡುಗಿಯೇ ಬರುತ್ತಾಳೆಂದು ನಾನು ಸೆರಗು ಸರಿಮಾಡಿಕೊಂಡು ನಿಂತರೆ, ಬಾಗಿಲು ತೆಗೆದದ್ದು ದಪ್ಪ ಕನ್ನಡಕದ, ನರೆತ ತಲೆಯ ಹೆಂಗಸು. "ಮೋನೇ" ಎಂದು ಅವನ ಕೈಯಿಂದ ಚೀಲ ಇಸಿದುಕೊಂಡರು. ಗೋಡೆಯ ಮೇಲೆ ಅವನಷ್ಟೇ ವಯಸ್ಸಿನ, ಅಂಥದೇ ಸಮವಸ್ತ್ರದ ಹುಡುಗನ ಫೋಟೋ, ಅದಕ್ಕೆ ಹಾರ. ನನಗೆ ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಅವನು ಬಾವಿಯಿಂದ ನೀರು ಸೇದಿ, ಮುರಿದ ಕಿಟಕಿಯೊಂದಕ್ಕೆ ಮೊಳೆ ಹೊಡೆದು, ನನ್ನನ್ನು ಜಂಕ್ಷನ್ನಿನವರೆಗೆ ಬಿಡಲು ಬಂದ. ದಾರಿಯಲ್ಲಿ ಹೇಳಿದ.

ಆ ಹುಡುಗ ಮತ್ತು ಇವನು ಗಡಿಯ ಒಂದೇ ಚೌಕಿಯಲ್ಲಿದ್ದವರು. ಚೌಕಿಯಿಂದ ಒಮ್ಮೆಗೆ ಒಬ್ಬನಿಗೆ ಮಾತ್ರ ಅವಧಿ. ನನ್ನ ಟೆಲಿಗ್ರಾಂ ತಲುಪಿದಾಗ ಪಾಳಿ ಆ ಹುಡುಗನದು. ಕೊಚ್ಚಿಗೆ ಟಿಕೆಟ್ಟೂ ಆಗಿತ್ತು. "ನಿನ್ನ ಅಮ್ಮ ಮೊದಲು, ನಾನು ಮುಂದಿನ ತಿಂಗಳು ಹೋಗ್ತೇನೆ ಅಂದನ್ರೀ. ತನ್ನ ಕೈಗವಸ ನಂಗ ಕೊಟ್ಟು, ಕೆಳಗ ಇಳಿಯೂ ದಾರಿತನಕಾ ಬಂದು ಕಳಿಸಿದ. ನಾ ಮನ್ಯಾಗ ಅವ್ವನ ಕೈ ಪತ್ರೊಡೆ ತಿನ್ನೂ ಹೊತ್ತಿಗೆ..." ಎಂದು ನಿಲ್ಲಿಸಿದ. ಹಿಮ ಕುಸಿದಿತ್ತು. ನನ್ನ ಮನೆಯ ಫೋನಿಗೆ ಬಂದದ್ದು ಆ ಸುದ್ದಿ. ಅವನು ಅಂದು ಹೋದದ್ದು ಗಡಿಗಲ್ಲ, ಸ್ನೇಹಿತನ ಶವಪೆಟ್ಟಿಗೆಯನ್ನು ಇಳಿಸಿಕೊಳ್ಳಲು ಕೊಚ್ಚಿಗೆ. ಪತ್ರಿಕೆಯಲ್ಲೂ ಬಂದಿತ್ತು. ಕೊಚ್ಚಿಯ ಯೋಧ ಎಂದು ನಾನೂ ಅಕ್ಕನೂ ಓದಿ, ಪಾಪ ಎಂದು ಪತ್ರಿಕೆ ಮಡಿಸಿಟ್ಟಿದ್ದೆವು.

"ಆವತ್ತು ನಾ ಮನ್ಯಾಗ ಕಳೆದದ್ದು ಅಂವನ ಅವಧಿರೀ ಅಕ್ಕಾರ. ಅದಕ್ಕ ವರ್ಷಾ ಅರ್ಧ ಇಲ್ಲಿ."

ಆ ಟೆಲಿಗ್ರಾಂ ಬರೆದವಳು ನಾನು ಕಣೋ ಎಂದೆ. ಅವನು ಆಶ್ಚರ್ಯಪಡಲಿಲ್ಲ. "ಗೊತ್ತೈತ್ರೀ. ನೀವು ಟೆಲಿಗ್ರಾಂ ಕಳಿಸಿದ್ರಿ. ಹಿಮಾ ನೀವು ಕಳಿಸಲಿಲ್ಲಲ್ರೀ" ಎಂದ. ನನಗೆ ಹುಟ್ಟಿದ ಮಗನಾಗಿದ್ದರೆ ಅಲ್ಲೇ ಬೀದಿಯಲ್ಲಿ ತಬ್ಬಿಕೊಳ್ಳುತ್ತಿದ್ದೆ. ಸ್ವಲ್ಪ ದೂರ ನಡೆದ ಮೇಲೆ ಅವನೇ ಮತ್ತೆ ಹೇಳಿದ. "ಅವ್ವಗ ಹೇಳಬ್ಯಾಡ್ರೀ. ಹುಡುಗಿ ಅದಾಳ ಅಂತ ತಿಳಕೊಂಡ್ರ ತಿಳಕೊಳ್ಳಲಿ. ಆ ಸಿಟ್ಟು ಬರತೈತಿ, ಹೋಗತೈತಿ. ಇದು ಗೊತ್ತಾದ್ರ ಹೋಗಂಗಿಲ್ರೀ."

ಹೀಗೆ ಎರಡು ಕಡೆಯೂ ಮಾತು ಕೊಟ್ಟವಳಾದೆ. ಅಕ್ಕ ವಾರಕ್ಕೊಮ್ಮೆ ಫೋನ್ ಮಾಡಿ ಪತ್ತೆಯಾಯ್ತಾ ಎನ್ನುವುದು, ಕೊಚ್ಚಿ ದೊಡ್ಡ ಊರು ಅಕ್ಕಾ ಎಂದು ನಾನು ರಾಗ ಎಳೆಯುವುದು. ಒಂದು ವರ್ಷ ಹೀಗೇ ನಡೆಯಿತು.

ಮರುವರ್ಷ ಅವನ ಅವಧಿಯ ದ್ವಿತೀಯಾರ್ಧದಲ್ಲಿ ಒಂದು ಮುಂಜಾನೆ ನನ್ನ ಬಾಗಿಲ ಬೆಲ್ಲಾಯಿತು. ತಿರುವನಂತಪುರದಿಂದ ರೈಲು ಹತ್ತಿ ಅಕ್ಕ ಬಂದಿದ್ದರು. ಕೈಯಲ್ಲಿ ಹೊಸ ಸೀರೆಯ ಪೊಟ್ಟಣ.

"ನಿಮಗೆ ಗೊತ್ತುಂಟು, ನೀವು ಹೇಳುದಿಲ್ಲ. ಅದು ನಿಮ್ಮ ದನಿಯಲ್ಲೇ ಗೊತ್ತಾಗ್ತದೆ. ನಾನು ಜಗಳಕ್ಕೆ ಬಂದದ್ದಲ್ಲ ಮಾರಾಯ್ರೆ. ಯಾವ ಜಾತಿಯಾದ್ರೂ ಅಡ್ಡಿಲ್ಲ, ಮಲಯಾಳಿಯಾದ್ರೂ ಅಡ್ಡಿಲ್ಲ. ಸೀರೆ ಕೊಟ್ಟು, ಮನೆಗೆ ಬಾ ಮಗಳೇ ಅಂತ ಕರೀತೇನೆ. ಆಗ ಅವ ಪೂರಾ ಅವಧಿ ಮನೆಯಲ್ಲಿ ಇರ್ತಾನಲ್ಲ?"

ಆ ಸೀರೆ ನೋಡಿದ ಮೇಲೆ ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ. ನಿಜ ಹೇಳುವ ಧೈರ್ಯವೂ ಇರಲಿಲ್ಲ. ಸುಮ್ಮನೆ ಕರೆದುಕೊಂಡು ಹೋದೆ.

ಅವನು ಏಣಿ ಹತ್ತಿ ಹಂಚು ಸರಿಮಾಡುತ್ತಿದ್ದ. ಅಮ್ಮನನ್ನು ಕಂಡು ಏಣಿಯ ಮೇಲೆಯೇ ಕಲ್ಲಾದ. ಬಾಗಿಲಿಗೆ ಬಂದ ಆ ತಾಯಿ ಅಕ್ಕನ ಮುಖವನ್ನೂ ಏಣಿಯ ಮೇಲಿನವನ ಮುಖವನ್ನೂ ಒಮ್ಮೆ ನೋಡಿದರು. ಒಂದೇ ಮೂಗು, ಯಾರಿಗಾದರೂ ತಿಳಿಯುವಂಥದು. ಹತ್ತಿರ ಬಂದು ಅಕ್ಕನ ಎರಡೂ ಕೈ ಹಿಡಿದು ಮೊದಲು ಕೇಳಿದ್ದು ಇದನ್ನು: "ಇಪ್ಪೋಳ್ ಸುಖಮಾಯೋ?" ಈಗ ವಾಸಿಯಾಯಿತೇ ಎಂದು.

ಯಾವ ಕಾಯಿಲೆ ಎಂದು ಅಕ್ಕನಿಗೆ ಅರ್ಥವಾಗಲಿಲ್ಲ. ಆಕೆ ಒಳಗೆ ಕೂರಿಸಿ, ಮಗನ ಫೋಟೋದ ಹಿಂದಿನಿಂದ ಒಂದು ಕಾಗದ ತೆಗೆದುಕೊಟ್ಟರು. ಆ ಹುಡುಗನ ಕೊನೆಯ ಕಾಗದ. ಸ್ನೇಹಿತನ ಅಮ್ಮನಿಗೆ ಬಹಳ ಹುಷಾರಿಲ್ಲ, ಅದಕ್ಕೆ ನನ್ನ ಅವಧಿಯನ್ನು ಅವನಿಗೆ ಕೊಟ್ಟಿದ್ದೇನೆ, ಅವರಿಗೆ ಬೇಗ ಗುಣವಾಗಲೆಂದು ಬೇಡಿಕೋ ಎಂದು ಅದರಲ್ಲಿತ್ತು. ಅಕ್ಕ ಕಡತ ನೋಡಿ ಪಳಗಿದವರು, ಮೊದಲು ತಾರೀಖು ನೋಡಿದರು. ಆಮೇಲೆ ಗೋಡೆಯ ಫೋಟೋ ನೋಡಿದರು. ಆಮೇಲೆ ಬಾಗಿಲಲ್ಲಿ ಬಂದು ನಿಂತಿದ್ದ ಮಗನನ್ನು. ಅವನು ತಲೆ ಎತ್ತಲಿಲ್ಲ. ಅವನು ಮೂರು ವರ್ಷ ಬಚ್ಚಿಟ್ಟದ್ದು ಒಂದು ನಿಮಿಷದಲ್ಲಿ ಬಯಲಾಗಿ ಹೋಯಿತು. ಅಕ್ಕ ಈ ಮನೆಯಿಂದ ಹೇಗೆ ಎದ್ದು ಹೋಗುತ್ತಾರೆ, ಎದ್ದು ಹೋಗಿ ಹೇಗೆ ಬದುಕುತ್ತಾರೆ ಎಂದು ಹೆದರಿ ನಾನು ಅವರ ಹತ್ತಿರಕ್ಕೆ ಸರಿದು ಕೂತೆ.

ಅಕ್ಕ ಅಳಲಿಲ್ಲ. ಮಲಯಾಳದಲ್ಲಿ ಒಂದೊಂದೇ ಮಾತು ಜೋಡಿಸಿ ಹೇಳಿದರು. ತನಗೆ ಏನೂ ಆಗಿರಲಿಲ್ಲ. ಕಾಲು ಉಳುಕಿತ್ತು, ಅಷ್ಟೆ. ಮಗನನ್ನು ನೋಡುವ ಆಸೆಗೆ ಸೀರಿಯಸ್ ಎಂದು ಟೆಲಿಗ್ರಾಂ ಕೊಡಿಸಿದ್ದು. ಬರೆದವಳು ನಾನು, ಅವರಲ್ಲ ಎಂದು ನಾನೂ ಅಡ್ಡ ಬಾಯಿ ಹಾಕಿದೆ. ಆ ತಾಯಿ ನಮ್ಮಿಬ್ಬರನ್ನೂ ದಿಟ್ಟಿಸಿದರು. ಆಮೇಲೆ ಎದ್ದು ಒಳಗೆ ಹೋದರು. ಟ್ರಂಕು ತೆರೆಯುವ ಸದ್ದು ಕೇಳಿಸಿತು.

ತಂದದ್ದು ಇನ್ನೊಂದು ಟೆಲಿಗ್ರಾಂ. ಮಗನ ಸಾಮಾನಿನ ಜೊತೆ ಸೈನ್ಯದವರು ತಲುಪಿಸಿದ್ದಂತೆ. ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ. ನಾನು ಬರೆದ ನಾಲ್ಕು ಪದಗಳೇ. ತಾರೀಖು ಮಾತ್ರ ನನ್ನದಕ್ಕಿಂತ ಹಿಂದಿನ ವರ್ಷದ ಓಣಂ ಹೊತ್ತಿನದು.

"ಇದು ನಾನು ಕಳಿಸಿದ್ದು" ಎಂದರು ಆಕೆ. "ನನಗೆ ನೆಗಡಿಯೂ ಇರಲಿಲ್ಲ. ಓಣಂಗೆ ಮಗ ಎಲೆ ಮುಂದೆ ಕೂರಬೇಕಿತ್ತು. ಆಗ ಪಾಳಿ ನಿನ್ನ ಮಗನದು. ಅವನು ಬಿಟ್ಟುಕೊಟ್ಟದ್ದಕ್ಕೆ ನನ್ನ ಮಗ ಬಂದ. ನನ್ನ ಜೊತೆ ಅವನು ಉಂಡ ಕೊನೆಯ ಓಣಂ ಅದು, ಚೇಚಿ. ಅದು ನಿನ್ನ ಮನೆಯದು."

ಅಕ್ಕ ಮಗನ ಕಡೆ ತಿರುಗಿದರು. "ಆ ವರ್ಷ ನೀನು ಬರದೆ ಇದ್ದದ್ದು..."

"ಪಾಳಿ ಬದಲಿ ಆತು ಅಂತ ಹೇಳಿದ್ನಲ್ಲವ್ವಾ" ಎಂದ ಅವನು ನೆಲ ನೋಡುತ್ತ.

"ನಾನು ಮೂರು ದಿನ ನಿನ್ನತ್ರ ಮಾತಾಡ್ಲಿಲ್ಲ ಮಗಾ" ಎಂದರು ಅಕ್ಕ. ಅಳು ಬಂದದ್ದು ಆಗ. ಇಬ್ಬರು ತಾಯಂದಿರೂ ಮಂಚದ ಮೇಲೆ ಅಕ್ಕಪಕ್ಕ ಕೂತು ಅತ್ತರು. ಅಳು ಇಳಿದ ಮೇಲೆ ಅಕ್ಕ ಪೊಟ್ಟಣವನ್ನು ಆಕೆಯ ಮಡಿಲಿಗಿಟ್ಟರು. ಆಕೆ ಬಿಚ್ಚಿ ನೋಡಿದರೆ ಗಿಳಿ ಹಸಿರಿನ ಮೇಲೆ ಗುಲಾಬಿ ಅಂಚು. "ಹುಡುಗಿಗೆ ಅಂತ ತಂದದ್ದು. ಬಣ್ಣ ಸ್ವಲ್ಪ ಜಾಸ್ತಿ ಆಯ್ತು" ಎಂದರು ಅಕ್ಕ. ಯಾವ ಹುಡುಗಿ ಎಂದು ಆಕೆ ಕೇಳಿದರು. ವಿಷಯ ತಿಳಿದಾಗ ಆ ಮನೆಯಲ್ಲಿ ಎಷ್ಟೋ ದಿನದ ಮೇಲೆ ನಗು ಕೇಳಿಸಿರಬೇಕು. ಅವನು ನಾಚಿಕೊಂಡು ಮತ್ತೆ ಏಣಿ ಹತ್ತಿದ.

ಅಲ್ಲಿಂದಾಚೆ ಅಕ್ಕನ ಕ್ಯಾಲೆಂಡರಿನಲ್ಲಿ ಪಾಲು ನಿಂತಿತು. ಅವಧಿ ಬಂತೆಂದರೆ ಕೊಚ್ಚಿಯ ತಾಯಿ ಪಟ್ಟಂಗೆ ಬರುತ್ತಿದ್ದರು, ಇಲ್ಲವೇ ಅಕ್ಕ ಪಾಲಾರಿವಟ್ಟಂಗೆ. ಒಬ್ಬರ ಪತ್ರೊಡೆ, ಇನ್ನೊಬ್ಬರ ಮೀನು ಸಾರು, ನಡುವೆ ಐದು ನಿಮಿಷದಲ್ಲಿ ಉಂಡು ಏಳುವ ಹುಡುಗ. ನಿಧಾನ ತಿನ್ನು ಎಂದು ಈಗ ಎರಡು ಭಾಷೆಯಲ್ಲಿ ಬೈಗುಳ.

ಈ ವರ್ಷ ನಾನು ಕೆಲಸದಿಂದ ನಿವೃತ್ತಳಾಗಿ ಮೈಸೂರಿಗೆ ಹೊರಟಿದ್ದೇನೆ. ಸಾಮಾನು ಕಟ್ಟುತ್ತಿದ್ದಾಗ ಕಳೆದ ವಾರ ಫೋನ್ ಬಂತು. "ನಿಮ್ಮ ಪಟಾಲಂರೀ!" ಅವನೀಗ ಹವಾಲ್ದಾರ. ಹೊಸ ಹುಡುಗರಿಗೆ ಕಲಿಸುವ ಕೇಂದ್ರದಲ್ಲಿದ್ದಾನೆ. ಅವರ ಅವಧಿಯ ಪಟ್ಟಿ ಬರೆಯುವುದೂ ಅವನ ಕೆಲಸವಂತೆ. ಕೇಳಬಾರದು ಎಂದುಕೊಂಡೇ ಕೇಳಿದೆ, ಪಾಳಿ ಅದಲುಬದಲು ಮಾಡಿಕೊಳ್ಳಲು ಅವರಿಗೆ ಬಿಡುತ್ತೀಯಾ ಎಂದು.

"ಬಿಡ್ತೇನ್ರೀ. ಹುಡುಗ್ರು ಒಬ್ಬರಿಗೊಬ್ಬರು ಕೊಡೂದು ಅಂದ್ರ ಅದೊಂದ ಐತಿ. ಅದನ್ನ ಹ್ಯಾಂಗ ತಡೀಲಿ?"

"ಟೆಲಿಗ್ರಾಂ ಕಾಲ ಮುಗೀತು. ಈಗ ಅಂಥದೇ ಮೆಸೇಜು ಬಂದ್ರೆ?"

"ದಿನಾ ಬರ್ತಾವ್ರೀ. ಎಲ್ಲಾರ ಅವ್ವಂದಿರೂ ಸೀರಿಯಸ್ಸೇ. ಓದಿ, ಆವತ್ತ ಹುಡುಗನ್ನ ಕಳಿಸ್ತೇನ್ರೀ."

"ಸುಳ್ಳು ಅಂತ ಗೊತ್ತಿದ್ದೂ?"

ಆ ಕಡೆ ದೂರದಲ್ಲಿ ಯಾರೋ ಹುಡುಗರು ಹೆಜ್ಜೆ ಹಾಕುತ್ತ ಒಂದೇ ದನಿಯಲ್ಲಿ ಎಣಿಸುತ್ತಿರುವುದು ಕೇಳಿಸಿತು.

"ಸುಳ್ಳು ಹ್ಯಾಂಗ ಆಗತೈತ್ರೀ ಅಕ್ಕಾರ? ಮಗ ಅಷ್ಟು ದೂರ ಇದ್ದಾಗ ಯಾವ ಅವ್ವ ಆರಾಮ ಇರ್ತಾಳ?"